ಛಾಯಾಚಿತ್ರವೃತ್ತಿಗೆ ಕಾಲ ಮುಗಿಯಿತೆ?

ಕಳೆದ ತಿಂಗಳು ನಡೆದ ನಮ್ಮ ಸಂಘದ ಸಮಿತಿಯ ಸಭೆಯಲ್ಲಿ ವಿದ್ಯಾರ್ಥಿವೇತನಕ್ಕಾಗಿ ಬಂದಿದ್ದ ಅರ್ಜಿಗಳನ್ನು ಒಂದೊಂದಾಗಿ ಓದಲಾಯಿತು. ವೈದ್ಯವಿದ್ಯೆಗೆ, ಯಂತ್ರವಿದ್ಯೆಗೆ, ವಾಣಿಜ್ಯಕ್ಕೆ ಬಂದ ಅರ್ಜಿಗಳೆಲ್ಲ ಯಾವ ತೊಡಕೂ ಇಲ್ಲದೆ ಮುಂದೆ ಸಾಗಿದವು. ಕೊನೆಯದು ಒಬ್ಬ ಬಾಲಿಕೆಯ ಅರ್ಜಿ. ಪಿ. ಯು. ಪರೀಕ್ಷೆಯಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಆಕೆ, ಛಾಯಾಗ್ರಹಣವನ್ನು ಕ್ರಮವಾಗಿ ಕಲಿತು ಅದನ್ನೇ ಜೀವನವೃತ್ತಿಯನ್ನಾಗಿ ಮಾಡಿಕೊಳ್ಳಬೇಕೆಂದಿರುವುದಾಗಿ ಬರೆದಿದ್ದಳು. ತಂದೆ ತಾಲ್ಲೂಕು ಕೇಂದ್ರದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದವರು. ಈಗ ಅದೇ ಅಂಗಡಿಯಲ್ಲಿ ಒಂದು ಜೆರಾಕ್ಸ್ ಯಂತ್ರವನ್ನಿಟ್ಟುಕೊಂಡು ದಿನ ನೂಕುತ್ತಿದ್ದಾರೆ.

ಅರ್ಜಿಯನ್ನು ಓದಿ ಮುಗಿಸುವಷ್ಟರಲ್ಲಿ ವಿದ್ಯಾವಂತರೂ ಲೋಕಾನುಭವಿಗಳೂ ಆದ ಒಬ್ಬ ಮಹನೀಯರು ತಮ್ಮ ಜೇಬಿನಿಂದ ಮೊಬೈಲನ್ನು ತೆಗೆದು ಮೇಜಿನ ಮೇಲಿಟ್ಟು, "ಇದೋ, ಸ್ಟುಡಿಯೋ ಇಲ್ಲಿದೆ. ಇದನ್ನು ಕಲಿಯುವುದಕ್ಕೆ ಸಂಘದ ಹಣವೇಕೆ?" ಎಂದರು. ಸಭೆ ನಕ್ಕಿತು. ಇನ್ನೊಬ್ಬರು, "ಈಗ ಅದೂ ಬೇಡ, ಬೇಕಾದುದನ್ನು ಬಾಯಲ್ಲಿ ಹೇಳಿದರೆ ಯಂತ್ರವೇ ಚಿತ್ರವನ್ನು ಮಾಡಿಕೊಡುತ್ತದೆ" ಎಂದರು. ಮೂರನೆಯವರು, "ಹೆಣ್ಣುಮಗು, ಮದುವೆಮನೆಗಳಲ್ಲಿ ರಾತ್ರಿಯೆಲ್ಲ ನಿಲ್ಲುವ ಕೆಲಸ, ನಿಲುಗಡೆಯಾದ ವರಮಾನವೂ ಇಲ್ಲ. ತಂದೆಯ ಅವಸ್ಥೆಯನ್ನು ಕಂಡಮೇಲೂ ಈ ಹಠವೇ?" ಎಂದು ಮರುಗಿದರು. ತೀರ್ಮಾನವು ಮುಂದಿನ ಸಭೆಗೆ ಮುಂದೂಡಲ್ಪಟ್ಟಿತು.

ನಾನು ಆ ಸಭೆಯಲ್ಲಿದ್ದೆನು. ಒಂದು ಮಾತನ್ನೂ ಆಡಲಿಲ್ಲ. ಮೌನವನ್ನು ಸಮ್ಮತಿಯೆಂದು ತಿಳಿಯುವುದು ಲೋಕದ ವಾಡಿಕೆ. ನನ್ನ ಸಮ್ಮತಿಯಿರಲಿಲ್ಲವೆಂಬುದನ್ನು ತಿಳಿಸುವುದಕ್ಕಾಗಿಯೂ, ಆ ಮೂವರು ಮಹನೀಯರ ಅಭಿಪ್ರಾಯವು ನಮ್ಮ ಜಿಲ್ಲೆಯ ಅನೇಕ ವಿದ್ಯಾವಂತ ಕುಟುಂಬಗಳ ಅಭಿಪ್ರಾಯವೂ ಆಗಿರುವುದರಿಂದ ಅದನ್ನು ಪರೀಕ್ಷಿಸುವುದಕ್ಕಾಗಿಯೂ ಈ ಲೇಖನವನ್ನು ಬರೆಯುತ್ತಿದ್ದೇನೆ.

ಪಾಠಶಾಲೆಯಲ್ಲಿ ನಮಗೆ ತರ್ಕವನ್ನು ಹೇಳಿಕೊಟ್ಟ ಗುರುಗಳು, ಪೂರ್ವಪಕ್ಷವನ್ನು ಅದರ ಪೂರ್ಣ ಬಲದೊಡನೆ ನಿರೂಪಿಸದವನಿಗೆ ಖಂಡಿಸುವ ಅಧಿಕಾರವಿಲ್ಲವೆನ್ನುತ್ತಿದ್ದರು. ಆದುದರಿಂದ ಮೊದಲು ಆ ಮಹನೀಯರ ಪರವಾಗಿ ನಾನೇ ವಾದಿಸುತ್ತೇನೆ. ಉದಕಮಂಡಲದಲ್ಲಿ 1960ರಲ್ಲಿ ಸ್ಥಾಪಿತವಾದ ಸರ್ಕಾರದ ಹಿಂದೂಸ್ಥಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯು 'ಇಂದು' ಎಂಬ ಹೆಸರಿನ ಫಿಲ್ಮನ್ನು ತಯಾರಿಸುತ್ತಿತ್ತು. ಆ ಕಾರ್ಖಾನೆ ಈಗ ಮುಚ್ಚಿಹೋಗಿದೆ. ಅಮೆರಿಕಾದ ಕೊಡಾಕ್ ಕಂಪೆನಿಯಲ್ಲಿ ಕೆಲಸದಲ್ಲಿದ್ದ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರು 1975ರಲ್ಲಿ ಫಿಲ್ಮಿಲ್ಲದ ಡಿಜಿಟಲ್ ಕ್ಯಾಮೆರಾವನ್ನು ಕಟ್ಟಿದನು. ಆ ಸಂತತಿಯ ಕ್ಯಾಮೆರಾಗಳೇ ಫಿಲ್ಮಿನ ವ್ಯಾಪಾರವನ್ನು ನುಂಗಿ, 2012ರ ಜನವರಿಯಲ್ಲಿ ಆ ಕಂಪೆನಿ ದಿವಾಳಿಯ ಅರ್ಜಿ ಹಾಕಬೇಕಾಯಿತು. ಭಸ್ಮಾಸುರನಿಗೆ ವರ ಕೊಟ್ಟಂತಾಯಿತು. 2013ರ ಮೇ ತಿಂಗಳಿನಲ್ಲಿ ಷಿಕಾಗೋ ನಗರದ ಸನ್-ಟೈಮ್ಸ್ ಪತ್ರಿಕೆಯು ತನ್ನ ಛಾಯಾಗ್ರಾಹಕರ ವಿಭಾಗವನ್ನೇ ತೆಗೆದುಹಾಕಿ, ವರದಿಗಾರರೇ ಮೊಬೈಲಿನಲ್ಲಿ ಚಿತ್ರ ತೆಗೆದುಕೊಳ್ಳಲೆಂದಿತು. ಕೆಲಸ ಕಳೆದುಕೊಂಡವರಲ್ಲಿ ಪುಲಿಟ್ಜರ್ ಪಾರಿತೋಷಕವನ್ನು ಪಡೆದ ಜಾನ್ ವೈಟ್ ಕೂಡ ಇದ್ದನು. ಪ್ರತಿವಾದಿಗಳಿಗೆ ಇದಕ್ಕಿಂತ ಪ್ರಬಲವಾದ ಆಯುಧಗಳನ್ನು ನಾನು ಕೊಡಲಾರೆ.

ಇವುಗಳಿಂದ ಏನು ಸಿದ್ಧವಾಗುತ್ತದೆ? ಒಂದು ಉಪಕರಣ ಸತ್ತಿತು, ಒಂದು ಬಗೆಯ ಸಂಬಳದ ಕೆಲಸ ಹೋಯಿತು ಎಂಬುದು ಸಿದ್ಧವಾಗುತ್ತದೆ. ವೃತ್ತಿಯೇ ಸತ್ತಿತೆಂಬುದು ಸಿದ್ಧವಾಗುವುದಿಲ್ಲ. ಕುಡುಗೋಲು ಹೋದ ಮಾತ್ರಕ್ಕೆ ಕೊಯ್ಲು ಹೋಗುವುದಿಲ್ಲ.

ಈ ಕಲೆಯ ಚರಿತ್ರೆಯನ್ನು ನೋಡಿದವರಿಗೆ ಇದು ಹೊಸ ಮಾತಲ್ಲ. 1839ರಲ್ಲಿ ಪ್ಯಾರಿಸಿನಲ್ಲಿ ಡಗೇರನ ವಿಧಾನವು ಪ್ರಕಟವಾದಾಗ ಚಿತ್ರಕಾರರ ಕಾಲ ಮುಗಿಯಿತೆಂದು ಅನೇಕರು ಭಾವಿಸಿದರು. ಕಿರಿದಳತೆಯ ಭಾವಚಿತ್ರಗಳನ್ನು ಬರೆದು ಜೀವಿಸುತ್ತಿದ್ದವರ ಹೊಟ್ಟೆಯ ಮೇಲೆ ಹೊಡೆತ ಬಿದ್ದುದೂ ನಿಜ; ಆದರೆ ಅವರಲ್ಲಿ ಅನೇಕರು ತಾವೇ ಛಾಯಾಗ್ರಾಹಕರಾದರು, ಚಿತ್ರಕಲೆಯೂ ಸಾಯಲಿಲ್ಲ. 1851ರಲ್ಲಿ ಒದ್ದೆಗಾಜಿನ ವಿಧಾನ ಬಂದು ಡಗೇರನ ತಗಡನ್ನು ಮೂಲೆಗೊತ್ತಿತು. ಒಣಗಾಜು ಬಂದು ಒದ್ದೆಗಾಜನ್ನು ಓಡಿಸಿತು. 1888ರಲ್ಲಿ ಈಸ್ಟ್‌ಮನ್ನನು ಗುಂಡಿಯೊತ್ತಿದರೆ ಸಾಕಾಗುವ ಕ್ಯಾಮೆರಾವನ್ನು ಮಾರಾಟಕ್ಕಿಟ್ಟಾಗ, ಇನ್ನು ಎಲ್ಲರೂ ಛಾಯಾಗ್ರಾಹಕರೇ ಎಂಬ ಮಾತು ಹುಟ್ಟಿತು. ನಮ್ಮ ಮಹನೀಯರು ಮೇಜಿನ ಮೇಲೆ ಮೊಬೈಲನ್ನಿಟ್ಟು ಆಡಿದ ಮಾತಿಗೆ ನೂರಮೂವತ್ತು ವರ್ಷಕ್ಕೂ ಮೀರಿದ ವಯಸ್ಸಾಗಿದೆ.

ಅಕ್ಷರ ಎಲ್ಲರಿಗೂ ಬಂದಾಗ, ತಾಲ್ಲೂಕು ಕಚೇರಿಯ ಮುಂದೆ ಕುಳಿತು ಅರ್ಜಿ ಬರೆದುಕೊಡುತ್ತಿದ್ದವನ ಸಂಪಾದನೆ ಕಡಮೆಯಾಯಿತು. ಗ್ರಂಥಕರ್ತನ ಕೆಲಸ ಹೋಗಲಿಲ್ಲ. ಆ ಬಾಲಿಕೆಯ ತಂದೆಯ ಅಂಗಡಿಯಲ್ಲಿ ನಿಂತುಹೋದುದು ಅರ್ಜಿ ಬರೆಯುವ ಜಾತಿಯ ಕೆಲಸ. ಮಗಳು ಕೇಳುತ್ತಿರುವುದು ಗ್ರಂಥ ಬರೆಯುವ ಜಾತಿಯ ವಿದ್ಯೆ. ತಂದೆಯ ಕಷ್ಟಕ್ಕೆ ಮರುಗುವುದು ಸರಿ. ಅದನ್ನೇ ಹೇತುವಾಗಿ ಮಾಡಿಕೊಂಡು ಮಗಳ ವಿದ್ಯೆಯನ್ನು ನಿರಾಕರಿಸುವುದು ತರ್ಕವಲ್ಲ.

ಉಪಕರಣವಳಿದರೂ ಕೃತಿಯುಳಿಯುವುದಕ್ಕೆ ನಮ್ಮ ಹಾಸನ ಜಿಲ್ಲೆಯೇ ಸಾಕ್ಷಿ. 1854ರ ಕೊನೆಯಲ್ಲಿ ಲಿನೀಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯೂ ಆಂಡ್ರೂ ನೀಲ್ ಎಂಬ ವೈದ್ಯನೂ ಮೈಸೂರು ಸೀಮೆಗೆ ಬಂದು, ಬೇಲೂರು ಹಳೇಬೀಡುಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದರು. ಭಾರವಾದ ಪೆಟ್ಟಿಗೆ, ಮುಕ್ಕಾಲಿ, ರಸಾಯನಗಳು ಎಲ್ಲವನ್ನೂ ಬಂಡಿಗಳ ಕಾಲದ ಹಾದಿಯಲ್ಲಿ ಹೊರಿಸಿಕೊಂಡು ಬರಬೇಕಾದ ಕಾಲವದು. ನೀಲನ ಚಿತ್ರಗಳು 1866ರಲ್ಲಿ ಧಾರವಾಡ ಮತ್ತು ಮೈಸೂರುಗಳ ವಾಸ್ತುಶಿಲ್ಪವನ್ನು ಕುರಿತ ದೊಡ್ಡ ಗ್ರಂಥದಲ್ಲಿ ಅಚ್ಚಾದವು. ಅಲೆಕ್ಸಾಂಡರ್ ಗ್ರೀನ್‌ಲಾ ಎಂಬಾತನು 1856ರಲ್ಲಿ ಹಂಪೆಯನ್ನು ಹಾಗೆಯೇ ಚಿತ್ರಿಸಿದನು. ಅವರ ವಿಧಾನವನ್ನು ಇಂದು ವೃತ್ತಿಗಾಗಿ ಬಳಸುವವರಿಲ್ಲ. ಆದರೆ ಆ ಗುಡಿಗಳು ಆ ಕಾಲದಲ್ಲಿ ಹೇಗಿದ್ದವು, ಯಾವ ಕಂಬ ನಿಂತಿತ್ತು, ಯಾವ ಗೋಡೆ ಕುಸಿದಿತ್ತು ಎಂದು ತಿಳಿಯಬೇಕಾದವರು ಇಂದಿಗೂ ಆ ಚಿತ್ರಗಳ ಮುಂದೆ ನಿಲ್ಲಬೇಕು.

ಇನ್ನು ಎರಡನೆಯ ಆಕ್ಷೇಪ. ಇದೇ ಪ್ರಬಲವಾದದ್ದು, ಏತಕ್ಕೆಂದರೆ ಈ ಬಾರಿ ಬಂದಿರುವುದು ಹೊಸ ಕ್ಯಾಮೆರಾವಲ್ಲ, ಕ್ಯಾಮೆರಾವೇ ಇಲ್ಲದ ಚಿತ್ರ. ಕೃತಕ ಬುದ್ಧಿಯ ಯಂತ್ರಕ್ಕೆ ನಾಲ್ಕು ಮಾತು ಹೇಳಿದರೆ ಎಂದೂ ಹುಟ್ಟದ ಮನುಷ್ಯನ ಮುಖವನ್ನೂ ಎಂದೂ ನಡೆಯದ ಉತ್ಸವವನ್ನೂ ಅದು ಕಣ್ಣಮುಂದಿಡುತ್ತದೆ. 2023ರ ಏಪ್ರಿಲಿನಲ್ಲಿ ಜರ್ಮನಿಯ ಬೋರಿಸ್ ಎಲ್ಡಾಗ್‌ಸೆನ್ ಎಂಬ ಕಲಾವಿದನು ಸೋನಿ ಜಾಗತಿಕ ಛಾಯಾಚಿತ್ರ ಸ್ಪರ್ಧೆಯಲ್ಲಿ ತನಗೆ ಬಂದ ಬಹುಮಾನವನ್ನು, ಆ ಚಿತ್ರ ಯಂತ್ರರಚಿತವೆಂದು ತಾನೇ ಸಾರಿ ನಿರಾಕರಿಸಿದನು. ಮರುವರ್ಷ, ಅಂದರೆ 2024ರಲ್ಲಿ, ಮೈಲ್ಸ್ ಆಸ್ಟ್ರೇ ಎಂಬ ಛಾಯಾಗ್ರಾಹಕನು ಇದಕ್ಕೆ ವಿಪರೀತವಾದುದನ್ನು ಮಾಡಿದನು. ತಲೆಯನ್ನು ಮೈಯೊಳಗೆ ಹುದುಗಿಸಿಕೊಂಡಿದ್ದ ರಾಜಹಂಸವೊಂದರ ನಿಜವಾದ ಛಾಯಾಚಿತ್ರವನ್ನು ಇನ್ನೊಂದು ಸ್ಪರ್ಧೆಯ ಯಂತ್ರಚಿತ್ರಗಳ ವಿಭಾಗಕ್ಕೆ ಕಳುಹಿಸಿ, ಅಲ್ಲಿ ಮೂರನೆಯ ಸ್ಥಾನವನ್ನೂ ಜನಮತದ ಬಹುಮಾನವನ್ನೂ ಗಳಿಸಿದನು. ಸಂಗತಿಯನ್ನು ಹೊರಪಡಿಸಿದಮೇಲೆ ಅನರ್ಹನಾದನು. ಸುಳ್ಳು ನಿಜದ ಪಂಕ್ತಿಯಲ್ಲಿಯೂ ನಿಜ ಸುಳ್ಳಿನ ಪಂಕ್ತಿಯಲ್ಲಿಯೂ ಕುಳಿತು ಉಂಡೆದ್ದವು, ಬಡಿಸಿದವರಿಗೆ ತಿಳಿಯಲಿಲ್ಲ.

ಇದನ್ನು ಕಂಡವರು 'ಇನ್ನು ಛಾಯಾಗ್ರಾಹಕನು ಬೇಡ' ಎಂದು ತೀರ್ಮಾನಿಸುತ್ತಾರೆ. ನಾನು ಇದೇ ಹೇತುವಿನಿಂದ 'ಇನ್ನುಮೇಲೆ ಛಾಯಾಗ್ರಾಹಕನು ಮೊದಲಿಗಿಂತ ಹೆಚ್ಚು ಬೇಕು' ಎಂದು ಸಾಧಿಸುತ್ತೇನೆ. ಅದು ಹೇಗೆಂದರೆ—

ಛಾಯಾಚಿತ್ರವನ್ನು ಜನರು ಇದುವರೆಗೆ ಪ್ರತ್ಯಕ್ಷಪ್ರಮಾಣವೆಂದು ತಿಳಿದಿದ್ದರು. 'ಫೋಟೋ ಇದೆಯಲ್ಲ' ಎಂದರೆ ಮಾತು ಮುಗಿಯುತ್ತಿತ್ತು. ಆದರೆ ನೈಯಾಯಿಕರ ಮತದಲ್ಲಿ ಪ್ರತ್ಯಕ್ಷಕ್ಕೆ ವಸ್ತುವಿನೊಡನೆ ಇಂದ್ರಿಯದ ಸನ್ನಿಕರ್ಷ ಬೇಕು. ಚಿತ್ರವನ್ನು ನೋಡುವಾಗ ನನ್ನ ಕಣ್ಣಿಗೆ ಸನ್ನಿಕರ್ಷವಾಗುವುದು ಕಾಗದದೊಡನೆ, ಇಲ್ಲವೆ ಮೊಬೈಲಿನ ಗಾಜಿನೊಡನೆ. ಹಳೇಬೀಡಿನ ಗುಡಿಯೊಡನೆ ಅಲ್ಲ. ಆದುದರಿಂದ ಅದು ಪ್ರತ್ಯಕ್ಷವಲ್ಲ. ಅನುಮಾನವೆನ್ನಬಹುದೆ? ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವಂತೆ, ಚಿತ್ರವಿರುವುದರಿಂದ ಅದಕ್ಕೆ ಕಾರಣವಾದ ವಸ್ತು ಅಲ್ಲಿ ಇದ್ದೇ ಇತ್ತೆಂದು ಊಹಿಸುತ್ತಿದ್ದೆವು. ಅದು ಅನುಮಾನವೇ ಸರಿ. ಆದರೆ ಅನುಮಾನವು ನಿಂತಿರುವುದು ವ್ಯಾಪ್ತಿಯ ಮೇಲೆ. ಬೆಂಕಿಯಿಲ್ಲದೆ ಹೊಗೆಯನ್ನು ಹುಟ್ಟಿಸುವ ಯಂತ್ರ ಮನೆಮನೆಗೂ ಬಂದರೆ, ಹೊಗೆಯಿಂದ ಬೆಂಕಿಯನ್ನು ಊಹಿಸುವವನು ಮೋಸಹೋಗುತ್ತಾನೆ. ಕೃತಕ ಬುದ್ಧಿಯ ಯಂತ್ರವು ಮಾಡಿರುವುದು ಇದನ್ನೇ: 'ಎಲ್ಲಿ ಚಿತ್ರವೋ ಅಲ್ಲಿ ವಸ್ತು' ಎಂಬ ವ್ಯಾಪ್ತಿಯನ್ನು ಅದು ಮುರಿದಿದೆ.

ಪ್ರತ್ಯಕ್ಷವಲ್ಲ, ಅನುಮಾನವೂ ನಿಲ್ಲದು ಎಂದಮೇಲೆ ಉಳಿಯುವುದು ಶಬ್ದಪ್ರಮಾಣ. ಛಾಯಾಚಿತ್ರವು ಇನ್ನುಮೇಲೆ ಒಬ್ಬ ಸಾಕ್ಷಿಯ ಮಾತು. ಮಾತಿಗೆ ಪ್ರಾಮಾಣ್ಯ ಬರುವುದು ಹೇಳಿದವನಿಂದ. ಅವನು ಆಪ್ತನಾಗಿದ್ದರೆ ಅದು ಪ್ರಮಾಣ, ಇಲ್ಲದಿದ್ದರೆ ಬರಿಯ ಸದ್ದು. ವಸ್ತುವನ್ನು ತಾನು ಸಾಕ್ಷಾತ್ತಾಗಿ ಕಂಡಿರುವವನು, ಕಂಡುದನ್ನು ಕಂಡಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನು ಆಪ್ತನೆಂದು ನ್ಯಾಯಭಾಷ್ಯಕಾರನಾದ ವಾತ್ಸ್ಯಾಯನನ ಆಶಯ. ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಈ ಲಕ್ಷಣವು ಸಮಾನವೆಂದೂ ಆತನು ಸ್ಪಷ್ಟಪಡಿಸಿದ್ದಾನೆ. ಯಂತ್ರವು ಎಷ್ಟೇ ಸೊಗಸಾದ ಚಿತ್ರವನ್ನು ಕೊಡಲಿ, ಅದು ಆಪ್ತವಾಗಲಾರದು. ಏಕೆಂದರೆ ಅದು ಅಲ್ಲಿರಲಿಲ್ಲ, ಏನನ್ನೂ ಕಾಣಲಿಲ್ಲ. 'ನಾನು ಅಲ್ಲಿದ್ದೆನು, ಕಂಡೆನು, ಇದು ನನ್ನ ಚಿತ್ರ, ಬೇಕಾದರೆ ಕೇಳಿ' ಎಂದು ಹೆಸರು ಹೇಳಿ ನಿಲ್ಲಬಲ್ಲವನು ಮನುಷ್ಯನೊಬ್ಬನೇ.

ಇದು ಬರಿಯ ಶಾಸ್ತ್ರಚರ್ಚೆಯೆಂದು ಯಾರೂ ತಳ್ಳಿಹಾಕಬಾರದು. ನಮ್ಮ ದೇಶದ ಕಾನೂನೂ ಈ ದಾರಿಯನ್ನೇ ಹಿಡಿದಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಕಾರ, ವಿದ್ಯುನ್ಮಾನ ದಾಖಲೆಯ ಪ್ರತಿಯನ್ನು ಸಾಕ್ಷ್ಯವಾಗಿ ತರುವವರು ಅದರೊಡನೆ ಪ್ರಮಾಣಪತ್ರವನ್ನೂ ತರಬೇಕು. ಅದರಲ್ಲಿ ಯಂತ್ರದ ಹೊಣೆ ಹೊತ್ತವರೂ ತಜ್ಞರೂ ಸಹಿ ಮಾಡಬೇಕು. ನ್ಯಾಯಾಸನದ ಮುಂದೆ ಚಿತ್ರವೊಂದೇ ನಿಲ್ಲಲಾರದು. ಅದರ ಹಿಂದೆ ಹೆಸರುಳ್ಳ ಮನುಷ್ಯರು ನಿಲ್ಲಬೇಕು.

ಹೀಗಿರಲು, ಈ ವೃತ್ತಿಯಲ್ಲಿ ನೆಲೆ ನಿಲ್ಲಬೇಕೆನ್ನುವ ತರುಣತರುಣಿಯರು ಗಳಿಸಬೇಕಾದ ಬಂಡವಾಳವು ಕ್ಯಾಮೆರಾವಲ್ಲ, ಆಪ್ತತೆ. ಇದನ್ನು ಬಿಟ್ಟು ಉಪಕರಣವನ್ನು ಮಾತ್ರ ಕಲಿಸಿ, ಮೂರು ತಿಂಗಳಲ್ಲಿ ಛಾಯಾಗ್ರಾಹಕರನ್ನಾಗಿ ಮಾಡುತ್ತೇವೆಂದು ಸಾರುವ ಶಿಕ್ಷಣದ ಅಂಗಡಿಗಳನ್ನು ನಾನು ನಮ್ಮ ಮೂವರು ಮಹನೀಯರಿಗಿಂತ ಕಠಿನವಾಗಿ ಖಂಡಿಸುತ್ತೇನೆ. ಉಪಕರಣವು ಹತ್ತು ವರ್ಷದಲ್ಲಿ ಹಳತಾಗುತ್ತದೆ. ಅದನ್ನು ಮಾತ್ರ ಕಲಿತವನೂ ಅದರೊಡನೆ ಹಳಬನಾಗುತ್ತಾನೆ.

ಆಪ್ತತೆಗೆ ಮೊದಲನೆಯ ಅಂಗ ವಸ್ತುಜ್ಞಾನ. ಕಾಣಬೇಕಾದರೆ ತಿಳಿದಿರಬೇಕು. ಮೈಸೂರಿನ ಕೃಪಾಕರ-ಸೇನಾನಿಯವರ ಕಾಡುನಾಯಿಗಳ ಚಲನಚಿತ್ರಕ್ಕೆ 2010ರಲ್ಲಿ ಹಸುರು ಆಸ್ಕರ್ ಎಂದು ಖ್ಯಾತವಾದ ಪಾಂಡಾ ಪ್ರಶಸ್ತಿ ಬಂದುದು ಅವರಲ್ಲಿದ್ದ ಕ್ಯಾಮೆರಾ ದೊಡ್ಡದೆಂದಲ್ಲ. ಕಾಡಿನಲ್ಲಿ ವರ್ಷಗಟ್ಟಲೆ ಕುಳಿತು ಆ ಪ್ರಾಣಿಯ ನಡೆಯನ್ನು ಅರಿತುದರಿಂದ. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರು 1948ರಲ್ಲಿ ಡೆಕ್ಕನ್ ಹೆರಾಲ್ಡ್ ಪತ್ರಿಕೆಯನ್ನು ಸೇರಿ, ಮುಂದೆ ಸ್ವತಂತ್ರರಾಗಿ, ಸಾಮಾನ್ಯ ಜನರ ಬಾಳನ್ನು ಚಿತ್ರಿಸುತ್ತ ನಡೆದರು. ಅವರು ತೆಗೆದ ಮಕ್ಕಳ ಚಿತ್ರಗಳನ್ನು 1979ರಲ್ಲಿ, ಅಂತರರಾಷ್ಟ್ರೀಯ ಮಕ್ಕಳ ವರ್ಷದ ಅಂಗವಾಗಿ, ವಿಶ್ವಸಂಸ್ಥೆಯ ನ್ಯೂಯಾರ್ಕಿನ ಕೇಂದ್ರದಲ್ಲಿ ಪ್ರದರ್ಶಿಸಲಾಯಿತು. ಮಕ್ಕಳನ್ನು ಅರಿಯದವನು ಮಕ್ಕಳ ಚಿತ್ರವನ್ನು ತೆಗೆಯಲಾರನು. ಇದನ್ನು ಒಬ್ಬ ಮೇಷ್ಟರಾಗಿ ನಾನು ಬಲ್ಲೆ.

ಎರಡನೆಯ ಅಂಗ ಸತ್ಯನಿಷ್ಠೆ. ಮೂಲಚಿತ್ರವನ್ನು ಅಳಿಸದೆ ಕಾಪಾಡುವುದು, ತೆಗೆದ ದಿನವನ್ನೂ ಸ್ಥಳವನ್ನೂ ಗುರುತಿಸಿಡುವುದು, ತಿದ್ದಿದ್ದರೆ ತಿದ್ದಿದೆನೆಂದು ಹೇಳುವುದು, ಯಂತ್ರದ ನೆರವನ್ನು ಪಡೆದಿದ್ದರೆ ಮುಚ್ಚಿಡದಿರುವುದು, ಪ್ರತಿ ಚಿತ್ರಕ್ಕೂ ಮೂರು ಪ್ರತಿಗಳನ್ನಿಟ್ಟು ಅವುಗಳಲ್ಲಿ ಒಂದನ್ನಾದರೂ ಬೇರೆ ಊರಿನಲ್ಲಿಡುವುದು—ಇವು ಈ ವೃತ್ತಿಯ ನಿತ್ಯಕರ್ಮಗಳು.

ಮೂರನೆಯದು ಪಟುತ್ವ. ಕಾಳಿದಾಸನ ಮಾಲವಿಕಾಗ್ನಿಮಿತ್ರದಲ್ಲಿ ರಾಜನು ಮೊದಲು ಚಿತ್ರದಲ್ಲಿ ಮಾಲವಿಕೆಯನ್ನು ಕಂಡು, ಆಮೇಲೆ ಅವಳನ್ನೇ ಕಂಡಾಗ, ಚಿತ್ರಕಾರನ ಏಕಾಗ್ರತೆ ಸಡಿಲವಾಗಿತ್ತೆಂದು ತಿಳಿಯುತ್ತಾನೆ. ಕುಂಚ ಕೆಟ್ಟದ್ದೆನ್ನಲಿಲ್ಲ, ಬಣ್ಣ ಸಾಲದೆನ್ನಲಿಲ್ಲ. ದೋಷವನ್ನು ಮನಸ್ಸಿನಲ್ಲಿ ಗುರುತಿಸಿದನು. ನಮ್ಮ ಕಾಲದಲ್ಲಿ ಇದಕ್ಕೆ ನಿದರ್ಶನ ವಿ. ಕೆ. ಮೂರ್ತಿಯವರು. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಪಿಟೀಲು ನುಡಿಸುತ್ತಿದ್ದ ಹುಡುಗ, ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಚಲನಚಿತ್ರ ಛಾಯಾಗ್ರಹಣವನ್ನು ಕಲಿತು 1946ರಲ್ಲಿ ಡಿಪ್ಲೊಮಾ ಪಡೆದು ಮುಂಬಯಿಗೆ ಹೋದರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ಮೇಲಿನಿಂದ ಇಳಿದುಬರುವ ಬೆಳಕಿನ ಕಂಬವನ್ನು ಅವರು ಕನ್ನಡಿಗಳಿಂದ ಸೂರ್ಯನ ಬಿಸಿಲನ್ನೇ ಒಳಗೆ ತಿರುಗಿಸಿ ಸಾಧಿಸಿದರೆಂಬುದು ಪ್ರಸಿದ್ಧ. ಕನ್ನಡಿ ಎಲ್ಲರ ಮನೆಯಲ್ಲಿಯೂ ಇದೆ, ಬಿಸಿಲಿಗೆ ಬೆಲೆಯಿಲ್ಲ. ಆ ಬೆಳಕನ್ನು ತಂದದ್ದು ಏಕಾಗ್ರತೆ. 2008ನೆಯ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯು ಅವರಿಗೆ ಬಂದಿತು. ಛಾಯಾಗ್ರಾಹಕರೊಬ್ಬರಿಗೆ ಆ ಪ್ರಶಸ್ತಿ ಸಂದದ್ದು ಅದೇ ಮೊದಲು. ಗಮನಿಸಬೇಕಾದ ಮಾತೆಂದರೆ, ಆ ವಿದ್ಯೆಯನ್ನು ಕಲಿಸಬೇಕೆಂದು 1940ರ ದಶಕದಲ್ಲಿಯೇ ನಮ್ಮ ನಾಡಿನವರಿಗೆ ತೋರಿತು. ಒಂದು ಸಂಸ್ಥೆ ಕಲಿಸಿತು, ಒಬ್ಬ ಹುಡುಗ ಕಲಿತನು. ಅಂದಿನವರು ನಮ್ಮ ಸಭೆಯವರಂತೆ ನಕ್ಕಿದ್ದರೆ ಮೂರ್ತಿಯವರು ಎಲ್ಲಿರುತ್ತಿದ್ದರು?

ಈ ಮೂರು ಅಂಗಗಳನ್ನು ಸಾಧಿಸಿದವರಿಗೆ ಕೆಲಸಕ್ಕೆ ಕೊರತೆಯಿಲ್ಲ. ಮದುವೆ ಮುಂಜಿಗಳು ಇದ್ದೇ ಇವೆ. ಇವಲ್ಲದೆ ಓಲೆಗರಿಗಳನ್ನೂ ಹಳೆಯ ಕಾಗದಪತ್ರಗಳನ್ನೂ ಹಾಳಾಗುವುದಕ್ಕೆ ಮುಂಚೆ ಚಿತ್ರರೂಪದಲ್ಲಿ ಉಳಿಸಬೇಕಾಗಿದೆ. ಅಕ್ಷರವನ್ನೂ ಬೆಳಕನ್ನೂ ಎರಡನ್ನೂ ಬಲ್ಲವರು ಅದಕ್ಕೆ ಬೇಕು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ದೇವಾಲಯಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದವು. ಅವುಗಳ ಒಂದೊಂದು ಬಿರುಕನ್ನೂ ಕಾಲಕಾಲಕ್ಕೆ ನಿಷ್ಠೆಯಿಂದ ದಾಖಲಿಸುವವರು ಬೇಕು. ಆಸ್ಪತ್ರೆಗೆ, ನ್ಯಾಯಾಲಯಕ್ಕೆ, ಸಂಶೋಧನಾಲಯಕ್ಕೆ, ಊರಿನ ನೇಯ್ಗೆಯನ್ನೋ ಕಾಫಿಯನ್ನೋ ದೂರದ ಗಿರಾಕಿಗೆ ಇದ್ದಂತೆ ತೋರಿಸಬೇಕಾದ ವ್ಯಾಪಾರಿಗೆ, ಸಾಕ್ಷ್ಯಚಿತ್ರಕ್ಕೆ, ಹೀಗೆ ಎಲ್ಲ ಕಡೆಗೂ ನಂಬತಕ್ಕ ಕಣ್ಣು ಬೇಕು. ಡ್ರೋನು ಹಾರಿಸಿ ಮೇಲಿನಿಂದ ಚಿತ್ರ ತೆಗೆಯುವ ಕೆಲಸವನ್ನೇ ನೋಡಿ: 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಮಿಗೆ ಮೀರಿದ ತೂಕದ್ದನ್ನು ಸಂಪಾದನೆಗಾಗಿ ಹಾರಿಸುವವರು ಪೈಲಟ್ ಪ್ರಮಾಣಪತ್ರವನ್ನು ಪಡೆದಿರಬೇಕು. ಕಲಿಯದೆ ಮಾಡುವ ಕೆಲಸವೆಂದು ಇದನ್ನು ಹೇಗೆ ಕರೆಯೋಣ?

ಇಷ್ಟಾದರೂ ಮೂರನೆಯ ಮಹನೀಯರ ಮಾತು ಉಳಿಯುತ್ತದೆ: ಈ ವೃತ್ತಿಯಲ್ಲಿ ವರಮಾನಕ್ಕೆ ನಿಲುಗಡೆಯಿಲ್ಲ, ಮರ್ಯಾದೆಯೂ ಇಲ್ಲ. ಇದನ್ನು ನಾನು ಒಪ್ಪುತ್ತೇನೆ. ಆದರೆ ಆ ದೋಷ ಯಾರದು? ಅದು ಯಂತ್ರದ್ದಲ್ಲ, ನಮ್ಮದು. ನಮ್ಮದೆಂದು ಸುಮ್ಮನೆ ಹೇಳದೆ, ನನ್ನದೆಂದೇ ಹೇಳುತ್ತೇನೆ.

2004ರಲ್ಲಿ ನನ್ನ ಹಿರಿಯ ಮಗಳ ಮದುವೆಯಾಯಿತು. ಛತ್ರಕ್ಕೆ, ಅಡುಗೆಯವರಿಗೆ, ಓಲಗದವರಿಗೆ ಕೇಳಿದಷ್ಟನ್ನು ಕೊಟ್ಟ ನಾನು, ಫೋಟೋದವನೊಡನೆ ಮಾತ್ರ ಅರ್ಧ ಗಂಟೆ ಚೌಕಾಶಿ ಮಾಡಿ, ಗುಂಡಿಯೊತ್ತುವುದಕ್ಕೆ ಇಷ್ಟೊಂದು ಹಣವೇ ಎಂದು ಕೇಳಿ, ಅವನು ಹೇಳಿದುದರಲ್ಲಿ ಮೂರನೆಯ ಒಂದು ಪಾಲನ್ನು ಇಳಿಸಿದೆನು. ಅವನು ಎದುರುತ್ತರ ಕೊಡಲಿಲ್ಲ. ಆಲ್ಬಮ್ ತಂದುಕೊಟ್ಟಾಗ ಅದರ ಕೊನೆಯ ಪುಟದಲ್ಲಿ ಅವನ ಹೆಸರೂ ಅಂಗಡಿಯ ವಿಳಾಸವೂ ಇದ್ದ ಒಂದು ಸಣ್ಣ ಚೀಟಿ ಅಂಟಿತ್ತು. ಮನೆಯ ಮಂಗಳಕಾರ್ಯದ ಪುಸ್ತಕದಲ್ಲಿ ಜಾಹೀರಾತೇಕೆಂದು ನಾನೇ ಅದನ್ನು ಕಿತ್ತುಹಾಕಿದೆನು.

2017ರಲ್ಲಿ ನನ್ನ ಪತ್ನಿ ತೀರಿಕೊಂಡಳು. ಗೋಡೆಗೆ ಹಾಕಿಸಲು ಚಿತ್ರಕ್ಕಾಗಿ ಹುಡುಕಿದೆವು. ಮನೆಯವರ ಮೊಬೈಲುಗಳಲ್ಲಿ ಅವಳ ಚಿತ್ರಗಳು ನೂರಾರು ಇದ್ದವು, ಒಂದರಲ್ಲಿಯೂ ಅವಳಿರಲಿಲ್ಲ. ಕೊನೆಗೆ ಆ ಆಲ್ಬಮಿನಲ್ಲಿ ಸಿಕ್ಕಿದಳು. ಧಾರೆಯ ಹೊತ್ತಿನಲ್ಲಿ ಎಲ್ಲರ ಕಣ್ಣೂ ವಧೂವರರ ಮೇಲಿದ್ದಾಗ, ಅವಳು ಕಂಬದ ಮರೆಯಲ್ಲಿ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತ ನಗುತ್ತಿದ್ದಳು. ಆ ಗಳಿಗೆಯಲ್ಲಿ ತಿರುಗಿ ಅವಳನ್ನು ಕಂಡವನು ಆ ಸಭಾಮಂಟಪದಲ್ಲಿ ಅವನೊಬ್ಬನೇ, ನಾನೂ ಕಂಡಿರಲಿಲ್ಲ. ಚಿತ್ರ ಅಂಗೈಯಗಲದ್ದು. ನೆಗೆಟಿವಿನಿಂದ ದೊಡ್ಡದು ಮಾಡಿಸೋಣವೆಂದು ಹೋದರೆ, ಅಂಗಡಿಯಿದ್ದೆಡೆಯಲ್ಲಿ ಈಗ ಮೊಬೈಲು ರಿಪೇರಿ ನಡೆಯುತ್ತಿದೆ. ಅವನ ಹೆಸರೇನೆಂದು ಕೇಳಿದರು. ನನಗೆ ತಿಳಿದಿರಲಿಲ್ಲ. ನಮ್ಮ ಮನೆಯಲ್ಲಿ ಅವನಿಗೆ 'ಫೋಟೋದವನು' ಎಂಬುದೇ ಹೆಸರಾಗಿತ್ತು; ಅವನ ಹೆಸರಿದ್ದ ಚೀಟಿಯನ್ನು ನಾನೇ ಕಿತ್ತು ಹದಿಮೂರು ವರ್ಷಗಳಾಗಿದ್ದವು.

ಈ ವೃತ್ತಿ ಸಾಯುವುದು ಹೀಗೆ. ಯಂತ್ರ ಅದನ್ನು ಕೊಲ್ಲುವುದಕ್ಕೆ ಮೊದಲೇ ನಾವು ಅದರ ಹೆಸರನ್ನು ಕಿತ್ತಿರುತ್ತೇವೆ. ಬೇಲೂರಿಗೆ ಹೋದವರು ಮದನಿಕೆಯರನ್ನು ನೋಡಿ ಬರುತ್ತಾರೆ. ವಿಗ್ರಹಗಳಲ್ಲಿ ಕೊರೆದ ಅಕ್ಷರಗಳನ್ನು ನೋಡುವವರು ಕಡಮೆ. ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ಅಲ್ಲಿ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. 1117ರಲ್ಲಿ ಪ್ರತಿಷ್ಠೆಯಾದ ದೇವಾಲಯದಲ್ಲಿ, ಕಟ್ಟಿಸಿದ ಅರಸನು ಶಿಲ್ಪಿಯ ಹೆಸರನ್ನು ಸಹಿಸಿದನು; ಒಂದು ಆಲ್ಬಮಿನ ಯಜಮಾನನಾದ ನಾನು ಸಹಿಸಲಿಲ್ಲ. ಹೋಮಾಯಿ ವ್ಯಾರಾವಾಲಾ ಅವರ ಮೊದಮೊದಲಿನ ಚಿತ್ರಗಳು ಅವರ ಗಂಡನ ಹೆಸರಿನಲ್ಲಿ ಅಚ್ಚಾದವು. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿಯೆಂದು ಹೆಸರಾದ ಆಕೆಗೆ ಪದ್ಮವಿಭೂಷಣ ಬಂದುದು 2011ರಲ್ಲಿ, 97ರ ವಯಸ್ಸಿನಲ್ಲಿ. ಹೆಣ್ಣುಮಗುವೆಂದು ಮರುಗಿದವರು ಈ ಸಂಗತಿಯನ್ನೂ ಮನಸ್ಸಿಗೆ ತಂದುಕೊಳ್ಳಬೇಕು.

ಕಾನೂನಿನ ಮಾತನ್ನೂ ತಿಳಿದಿರುವುದೊಳ್ಳೆಯದು. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಛಾಯಾಚಿತ್ರದ ಕರ್ತೃವು ಅದನ್ನು ತೆಗೆದವನೇ. ಹಣ ಕೊಟ್ಟು ತೆಗೆಸಿದ ಚಿತ್ರದ ಸ್ವಾಮ್ಯವು, ಬೇರೆ ಒಪ್ಪಂದವಿಲ್ಲದಿದ್ದರೆ, ತೆಗೆಸಿದವನಿಗೆ ಸೇರುತ್ತದೆಂದು 17ನೆಯ ಕಲಮು ಹೇಳುವುದು ನಿಜ. ಆದರೆ ಸ್ವಾಮ್ಯ ಕೈಬಿಟ್ಟಮೇಲೂ ತಾನೇ ಕರ್ತೃವೆಂದು ಹೇಳಿಕೊಳ್ಳುವ ಹಕ್ಕನ್ನು 57ನೆಯ ಕಲಮು ಅವನಿಗೆ ಉಳಿಸಿದೆ. 2012ರ ತಿದ್ದುಪಡಿಯಿಂದ, ಇತರ ಕೃತಿಗಳಂತೆ ಛಾಯಾಚಿತ್ರಕ್ಕೂ ಕರ್ತೃವಿನ ಜೀವಮಾನವೂ ಅನಂತರದ 60 ವರ್ಷಗಳೂ ಸ್ವಾಮ್ಯದ ಅವಧಿಯಾಗಿವೆ. ಕವಿಗೂ ಛಾಯಾಗ್ರಾಹಕನಿಗೂ ಕಾನೂನು ಒಂದೇ ಮಣೆ ಹಾಕಿದೆ. ಕವಿಯ ಹೆಸರಿಲ್ಲದೆ ಕವನವನ್ನು ಅಚ್ಚುಮಾಡಲು ನಾಚುವ ನಮ್ಮ ಈ ಪತ್ರಿಕೆಯೇ ಎಷ್ಟು ಸಂಚಿಕೆಗಳಲ್ಲಿ ಹೆಸರಿಲ್ಲದ ಛಾಯಾಚಿತ್ರಗಳನ್ನು ಅಚ್ಚುಮಾಡಿದೆಯೆಂದು ಸಂಪಾದಕರು ಹಳೆಯ ಕಟ್ಟುಗಳನ್ನು ತಿರುವಿ ನೋಡಬೇಕೆಂದು ವಿನಯದಿಂದ ಕೇಳಿಕೊಳ್ಳುತ್ತೇನೆ.

ಹೆಸರು ಬರಿಯ ಮರ್ಯಾದೆಯ ಮಾತಲ್ಲವೆಂಬುದನ್ನು ವಾಚಕರು ಮರೆಯಬಾರದು. ಚಿತ್ರವು ಸಾಕ್ಷಿಯ ಮಾತಾಗಿರುವ ಈ ಕಾಲದಲ್ಲಿ, ಹೆಸರನ್ನು ಕಿತ್ತ ಚಿತ್ರವು ಸಾಕ್ಷಿಯಿಲ್ಲದ ಮಾತು. ಯಂತ್ರದ ಸುಳ್ಳಿಗೂ ಮನುಷ್ಯನ ನಿಜಕ್ಕೂ ನಡುವೆ ಉಳಿದಿರುವ ಗಡಿಕಲ್ಲು ಆ ಹೆಸರು. ಅದನ್ನು ನಾವೇ ಕಿತ್ತೊಗೆದು, ಆಮೇಲೆ ಯಾವ ಚಿತ್ರವನ್ನೂ ನಂಬುವಂತಿಲ್ಲವೆಂದು ಗೋಳಿಡುವುದು, ಏರಿದ ಕೊಂಬೆಯನ್ನೇ ಕಡಿದವನ ಗೋಳಾಗುತ್ತದೆ.

ಆದಕಾರಣ ಸಮಿತಿಯ ಮುಂದೆ ಮೂರು ಸೂಚನೆಗಳನ್ನಿಡುತ್ತೇನೆ. ಒಂದು, ಆ ಬಾಲಿಕೆಗೆ ವಿದ್ಯಾರ್ಥಿವೇತನವನ್ನು ಕೊಡಬೇಕು. ಆದರೆ ಆಕೆ ಉಪಕರಣದೊಡನೆ ಚರಿತ್ರೆಯನ್ನೂ ಕಾನೂನನ್ನೂ ಲೆಕ್ಕಪತ್ರವನ್ನೂ ಕಲಿಸುವ ನೆಟ್ಟಗಿನ ಸಂಸ್ಥೆಯನ್ನು ಸೇರಬೇಕೆಂದು ಷರತ್ತು ಹಾಕಬೇಕು. ಎರಡು, ನಮ್ಮ ಪತ್ರಿಕೆಯಲ್ಲಿ ಅಚ್ಚಾಗುವ ಪ್ರತಿ ಛಾಯಾಚಿತ್ರದ ಕೆಳಗೂ ತೆಗೆದವರ ಹೆಸರಿರಬೇಕು. ಲೇಖಕರಿಗೆ ಸಲ್ಲುವ ಸಂಭಾವನೆಯಲ್ಲಿ ಅವರಿಗೂ ಪಾಲಿರಬೇಕು. ಮೂರು, ಸಂಘದ ಸದಸ್ಯರು ತಮ್ಮ ಮನೆಯ ಶುಭಕಾರ್ಯಗಳಲ್ಲಿ ಛಾಯಾಗ್ರಾಹಕರೊಡನೆ ಬರಹದಲ್ಲಿ ಒಪ್ಪಂದ ಮಾಡಿಕೊಂಡು, ಒಪ್ಪಿದುದನ್ನು ಚೌಕಾಶಿಯಿಲ್ಲದೆ ಕೊಟ್ಟು, ಅವರ ಹೆಸರನ್ನು ಆಲ್ಬಮಿನಲ್ಲಿ ಉಳಿಸಬೇಕು.

ವೃತ್ತಿಗೆ ಕಾಲ ಮುಗಿಯಿತೆ ಎಂಬ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಸುಳ್ಳುಚಿತ್ರಗಳು ಅಗ್ಗವಾದ ದೇಶದಲ್ಲಿ ನಿಜವಾದ ಚಿತ್ರವನ್ನು ಹೆಸರಿಟ್ಟು ಕೊಡುವವರಿಗೆ ಕಾಲ ಬಂದಿದೆ. ಅವರನ್ನು ಬೆಳೆಸುವುದೂ ಬಿಡುವುದೂ ನಮಗೆ ಸೇರಿದುದು. ಮುಂದಿನ ಸಭೆಯಲ್ಲಿ ಆ ಅರ್ಜಿ ಮತ್ತೆ ಬರುತ್ತದೆ. ಆಗ ನಾನು ಮೌನವಾಗಿರುವುದಿಲ್ಲ.